ಹಳೇ ಟ್ರ್ಯಾಕ್ಟರ್ ನೇಗಿಲು ಸಿಕ್ಕಿದೆ, ಯಾವುದಂತ ಗುರುತಿಸೋದು ಹೇಗೆ? ಪುಣೆ ಕನ್ನಡಿಗರ ಅನುಭವ

ಕೇಳಿದವರು, ವಾಕಡ್‌ನಿಂದ:

ಎಲ್ಲರಿಗೂ ನಮಸ್ಕಾರ. ಸಾಸ್ವಡ್ ಹತ್ತಿರ ನಾವು ಕೆಲವು ಮನೆಯವರು ಸೇರಿ ಹೊಲ ತಗೊಂಡಿದ್ದೇವೆ. ಅಲ್ಲಿನ ಪತ್ರಾ ಶೆಡ್ಡಿನಲ್ಲಿ ಎರಡು ಕುಳದ ಟ್ರ್ಯಾಕ್ಟರ್ ನೇಗಿಲೊಂದು ಬಿದ್ದಿದೆ. ಮಣ್ಣು ಮಗುಚುವ ದೊಡ್ಡ ರೆಕ್ಕೆ ಇರುವಂಥದ್ದು. ಹೆಸರಿನ ಪಟ್ಟಿ ಇಲ್ಲ. ಮೇಲೆ ಕೆಂಪು ಬಣ್ಣ, ಉಳಿದದ್ದೆಲ್ಲ ತುಕ್ಕು. ಭಂಗಾರದವನು, ಅಂದರೆ ಗುಜರಿಯವನು, ತೂಕಕ್ಕೆ ಕೇಳುತ್ತಿದ್ದಾನೆ. ಕೊಡೋಕೆ ನನಗೆ ಮನಸ್ಸಿಲ್ಲ. ಇದು ಎಲ್ಲಿಯದು, ಯಾವ ಕಾಲದ್ದು, ಇಟ್ಟುಕೊಳ್ಳುವಂಥದ್ದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಚಿಂಚವಡದಿಂದ, ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು:

ಮೊದಲು ಭಂಗಾರದವನನ್ನು ವಾಪಸ್ ಕಳಿಸಿ. ಆಮೇಲೆ, ಬಣ್ಣವನ್ನು ನಂಬಬೇಡಿ. ಮನೆಗೆ ಕೆಂಪು ಟ್ರ್ಯಾಕ್ಟರ್ ಬಂದರೆ ಹಳೇ ನೇಗಿಲಿಗೂ ಕೆಂಪು ಬಳಿಯುತ್ತಾರೆ. ನೋಡಬೇಕಾದ್ದು ಎರಕ.

ರೆಕ್ಕೆಯ ಬೆನ್ನ ಹಿಂದೆ ಬಗ್ಗಿ ನೋಡಿ. ಕುಳ, ರೆಕ್ಕೆ, ಸಾಲಿನ ಗೋಡೆಗೆ ಒರಗುವ ಪಟ್ಟಿ ಮೂರನ್ನೂ ಹಿಡಿದಿರುವ ದಪ್ಪ ತುಂಡೊಂದು ಕಾಣುತ್ತದೆ. ಅದಕ್ಕೆ ಫ್ರಾಗ್ ಅಂತಾರೆ. ಕುಳ ಸವೆದರೆ ಬದಲಿಸುತ್ತಾರೆ. ರೆಕ್ಕೆಗೂ ತೇಪೆ ಹಾಕಿಸುತ್ತಾರೆ. ಫ್ರಾಗಿನ ತಂಟೆಗೆ ಸಾಮಾನ್ಯವಾಗಿ ಯಾರೂ ಹೋಗೋದಿಲ್ಲ. ಉಬ್ಬಿದ ಅಕ್ಷರ, ಅಂಕಿ ಅಲ್ಲೇ ಉಳಿದಿರುತ್ತವೆ. ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಡಿ. ಹಿತ್ತಾಳೆ ಬ್ರಷ್‌ನಿಂದ ತಿಕ್ಕಿ ಒರೆಸಿ. ಪೂರ್ತಿ ಒಣಗಿದ ಮೇಲೆ ಚಾಕ್‌ಪೀಸನ್ನು ಮಲಗಿಸಿ ಹಿಡಿದು ಮೇಲ್ಮೇಲೆ ಹಗುರಾಗಿ ಸವರಿ. ಉಬ್ಬಿದ್ದಷ್ಟೇ ಬೆಳ್ಳಗಾಗುತ್ತದೆ, ತಗ್ಗಿನಲ್ಲಿರುವ ತುಕ್ಕು ಹಾಗೇ ಕಪ್ಪಗಿರುತ್ತದೆ. ಟಾರ್ಚನ್ನು ಪಕ್ಕದಿಂದ ಬಿಟ್ಟು ಫೋಟೋ ತೆಗೆಯಿರಿ.

ಸಿಕ್ಕಿದ ಅಂಕಿ ಆ ಬಿಡಿಭಾಗದ್ದು, ಇಡೀ ನೇಗಿಲಿನ ಮಾಡೆಲ್ ನಂಬರ್ ಅಲ್ಲ. ಒಂದೇ ಭಾಗ ಬೇರೆ ಬೇರೆ ಮಾಡೆಲ್‌ಗೆ ಹೋಗಿರುತ್ತದೆ. ಆದ್ದರಿಂದ ನಾಲ್ಕೈದು ಭಾಗಗಳ ಅಂಕಿ ಬರೆದುಕೊಂಡು ಎಲ್ಲವೂ ಯಾವ ಮಾಡೆಲ್‌ಗೆ ಹೊಂದುತ್ತವೆ ಅಂತ ನೋಡಬೇಕು. ಊರಿನ ಹೆಸರು ಸಿಕ್ಕರಂತೂ ಅರ್ಧ ಕೆಲಸ ಮುಗಿಯಿತು. ಇಪ್ಸ್‌ವಿಚ್ ಅಂತಿದ್ದರೆ ಇಂಗ್ಲೆಂಡಿನ ರಾನ್ಸಮ್ಸ್ ಕಂಪನಿ. ಸೌತ್ ಬೆಂಡ್ ಅಂದರೆ ಅಮೆರಿಕದ ಆಲಿವರ್. ಲೈಪ್‌ಜಿಗ್ ಅಂದರೆ ಜರ್ಮನಿಯ ರುಡಾಲ್ಫ್ ಸಾಕ್. ಮೊಲೀನ್ ಅಂತ ಕಂಡರೆ ಮಾತ್ರ ತಕ್ಷಣ ಜಾನ್ ಡಿಯರ್ ಅಂದುಬಿಡಬೇಡಿ. ಮೊಲೀನ್ ಪ್ಲೌ ಅನ್ನೋ ಬೇರೆ ಕಂಪನಿಯೂ ಅದೇ ಊರಿನಲ್ಲಿತ್ತು.

ಇನ್ನು ನಮ್ಮ ಕಡೆ ಹಳೇ ಕಬ್ಬಿಣದ ನೇಗಿಲು ಕಂಡರೆ ಸಾಕು, ಕಿರ್ಲೋಸ್ಕರ್ ಅಂತಾರೆ. ಆ ಹೆಸರಿನ ಮೇಲೆ ನನಗೂ ಅಭಿಮಾನ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿದ್ದಾಗಲೇ 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಆಗಿದ್ದು 1910ರಲ್ಲಿ. ಕಬ್ಬಿಣ ತಾಗಿದರೆ ಭೂಮಿ ವಿಷ ಆಗುತ್ತದೆ ಅಂತ ರೈತರು ಹೆದರುತ್ತಿದ್ದ ಕಾಲ ಅದು. ಅಂಥವರ ಕೈಗೆ ಕಬ್ಬಿಣದ ನೇಗಿಲು ಕೊಡೋದು ಸಣ್ಣ ಮಾತಲ್ಲ. ಆದರೆ ಅವು ಎತ್ತಿನ ನೇಗಿಲುಗಳು, ಕೈಯಲ್ಲಿ ಹಿಡಿಯೋಕೆ ಮೇಣಿ ಇರುತ್ತಿತ್ತು. ನಿಮ್ಮದು ಟ್ರ್ಯಾಕ್ಟರಿಗೇ ಅಂತ ಮಾಡಿದ್ದು. ಅದರ ಗುರುತು ಬೇರೆ.

ಮಗರಪಟ್ಟಾದಿಂದ, ಟ್ರ್ಯಾಕ್ಟರ್ ಉಪಕರಣಗಳ ಡಿಸೈನ್ ಕೆಲಸದಲ್ಲಿರುವವರು:

ಕಾಕಾ ಹೇಳಿದ ಮೇಲೆ ನಾನು ಅಳತೆ ವಿಷಯ ಅಷ್ಟೇ ಹೇಳ್ತೀನಿ. ಟ್ರ್ಯಾಕ್ಟರಿಗೆ ಹೇಗೆ ಸೇರುತ್ತದೆ ಅಂತ ಮೊದಲು ನೋಡಿ. ನೇಗಿಲಿಗೇ ಸ್ವಂತ ಗಾಲಿಗಳಿದ್ದು, ಮುಂದೆ ಒಂದೇ ಕೊಂಡಿ ಇದ್ದು, ಹಗ್ಗ ಎಳೆದರೆ ಎತ್ತಿಕೊಳ್ಳುವ ಲೀವರ್ ಇದ್ದರೆ ಅದು ಎಳೆಯುವ ನೇಗಿಲು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರ ಲಿಟಲ್ ಜೀನಿಯಸ್ ಆ ಜಾತಿಯದು. ಮೂರು ಕಡೆ ಪಿನ್ ಇದ್ದರೆ ಹೈಡ್ರಾಲಿಕ್‌ನಿಂದ ಮೇಲೇಳುವ ನೇಗಿಲು. ಹ್ಯಾರಿ ಫರ್ಗ್ಯೂಸನ್ ಅನ್ನೋ ಎಂಜಿನಿಯರ್ ಬೆಳೆಸಿದ ಪದ್ಧತಿ ಅದು. 1939ರ ಫೋರ್ಡ್ 9ಎನ್, 1946ರ ಫರ್ಗ್ಯೂಸನ್ ಟಿಇ20 ಟ್ರ್ಯಾಕ್ಟರುಗಳಿಂದ ಲೋಕಕ್ಕೆಲ್ಲ ಹರಡಿತು.

ದಪ್ಪ ಅಳೆಯುವ ವರ್ನಿಯರ್ ಇದ್ದರೆ ಕೆಳಗಿನ ಪಿನ್ ಅಳೆಯಿರಿ. 22 ಮಿ.ಮೀ. ಬಂದರೆ ಸಣ್ಣ ಟ್ರ್ಯಾಕ್ಟರಿನ ಅಳತೆ. 28 ಬಂದರೆ ದೊಡ್ಡದರದ್ದು. ಇವತ್ತಿಗೂ ಇದೇ ಅಳತೆ ನಡೀತಿದೆ, ಹಾಗಾಗಿ ಇದರಿಂದ ವಯಸ್ಸು ತಿಳಿಯೋದಿಲ್ಲ. ಎಲ್ಲಿಯದು, ಯಾವ ಕಾಲದ್ದು ಅನ್ನೋದಕ್ಕೆ ಬೋಲ್ಟ್ ನೋಡಿ. ಅರ್ಧ ಇಂಚಿನ ಬೋಲ್ಟ್ ಒಂದನ್ನು ಬಿಚ್ಚಿ, ಥ್ರೆಡ್ ಮೇಲೆ ಸ್ಕೇಲ್ ಇಟ್ಟು 1 ಇಂಚಿನಲ್ಲಿ ಎಷ್ಟು ಸುತ್ತು ಇವೆ ಅಂತ ಎಣಿಸಿ. 12 ಬಂದರೆ ವಿಟ್‌ವರ್ತ್ ಅನ್ನೋ ಬ್ರಿಟಿಷ್ ಅಳತೆ. 13 ಬಂದರೆ ಅಮೆರಿಕನ್ ಅಳತೆ. ಬೋಲ್ಟ್ 12 ಮಿ.ಮೀ. ದಪ್ಪ ಇದ್ದು, 1 ಇಂಚಿಗೆ ಹದಿನಾಲ್ಕೂವರೆ ಹತ್ತಿರ ಬಂದರೆ ಮೆಟ್ರಿಕ್. ಹೊರಗಿನ ಬೋಲ್ಟ್ ಬೇಡ, ಅದನ್ನು ಯಾರೋ ಬದಲಿಸಿರುತ್ತಾರೆ. ಫ್ರಾಗಿನ ಹಿಂದೆ ಪಾನಾ (ಸ್ಪ್ಯಾನರ್) ಸುಲಭಕ್ಕೆ ಹೋಗದ ಜಾಗದಲ್ಲಿರುವುದನ್ನೇ ಬಿಚ್ಚಿ.

ಹಡಪಸರದಿಂದ, ಮೂಲ ಊರು ಜಮಖಂಡಿ:

ಎಲ್ಲರೂ ಹೆಸರಿನ ಹಿಂದೆ ಬಿದ್ದಿದ್ದೀರಿ. ನನಗೆ ನೇಗಿಲಿನ ಜೀವ ರೆಕ್ಕೆಯಲ್ಲೇ ಕಾಣೋದು. ಒಂದು ಸಲ ರೆಕ್ಕೆಯ ಪಕ್ಕ ಕೂತು, ಕುಳದ ತುದಿಯಿಂದ ರೆಕ್ಕೆಯ ಬಾಲದವರೆಗೆ ಅಂಗೈ ಆಡಿಸಿ ನೋಡಿ. ಉದ್ದ ಇದ್ದು ನಿಧಾನಕ್ಕೆ ತಿರುಚಿಕೊಂಡು ಹೋಗಿದ್ದರೆ ಅದು ಮಣ್ಣಿನ ಪಟ್ಟಿಯನ್ನು ಮುರಿಯದೆ ಮಗುಚಿ ಮಲಗಿಸುತ್ತದೆ. ಹುಲ್ಲು ನೆಲ ಒಡೆಯೋಕೆ ಅದೇ ಸರಿ. ಗಿಡ್ಡ ಇದ್ದು ಒಮ್ಮೆಲೇ ಒಳಕ್ಕೆ ಬಾಗಿದ್ದರೆ ಅದು ಮಣ್ಣನ್ನು ಮೇಲೆತ್ತಿ ಪುಡಿ ಮಾಡುತ್ತದೆ, ಅದನ್ನೇ ಡಿಗ್ಗರ್ ಅಂತಾರೆ. ಎರಡರ ನಡುವಿನದೂ ಉಂಟು. ಇನ್ನು ರೆಕ್ಕೆ ಒಂದೇ ತಗಡಾಗಿರದೆ ಸಂದು ಬಿಟ್ಟ ಪಟ್ಟಿಗಳಾಗಿದ್ದರೆ ಅದು ಅಂಟು ಮಣ್ಣಿಗೆ ಮಾಡಿದ್ದು. ನಮ್ಮ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ನೇಗಿಲು ಹೂಡಿದವರಿಗೆ ಅದರ ಬೆಲೆ ಗೊತ್ತು. ಮಣ್ಣು ರೆಕ್ಕೆಗೆ ಮೆತ್ತಿಕೊಂಡರೆ ಮಗುಚೋದೇ ಇಲ್ಲ. ಸುಮ್ನೆ ದೂಡಿಕೊಂಡು ಹೋಗುತ್ತದೆ.

ಅದಕ್ಕೇ ಒಳ್ಳೆ ರೆಕ್ಕೆಗಳನ್ನು ಮೂರು ಪದರದ ಉಕ್ಕಿನಲ್ಲಿ ಮಾಡುತ್ತಿದ್ದರು. ಹೊರಗೆ ಎರಡು ಕಡೆ ಗಡಸು ಉಕ್ಕು, ಹೋಳಿಗೆಯ ಹೂರಣದ ಹಾಗೆ ನಡುವೆ ಮೆತ್ತನೆಯದು. ಮೇಲ್ಮೈ ಕನ್ನಡಿಯಂತೆ ಬೆಳಗುತ್ತದೆ, ಕಲ್ಲು ಬಡಿದರೂ ಸೀಳೋದಿಲ್ಲ. ತುಂಡಾದ ಅಂಚು ಇದ್ದರೆ ಅಲ್ಲಿ ಪದರ ಕಾಣುತ್ತದಾ ನೋಡಿ. ಕುಳಕ್ಕೂ ಇಂಥದ್ದೇ ಜಾಣತನ ಉಂಟು. ರಾನ್ಸಮ್ಸ್‌ನ ರಾಬರ್ಟ್ ರಾನ್ಸಮ್ 1803ರಲ್ಲಿ ಪೇಟೆಂಟ್ ಪಡೆದ ಕುಳದಲ್ಲಿ ಎರಕದ ಕೆಳಮೈಯನ್ನು ಬೇಗ ತಣಿಸುತ್ತಿದ್ದರು. ಕೆಳಗೆ ಗಡಸು, ಮೇಲೆ ಮೆತ್ತಗೆ. ಉಳುತ್ತಾ ಹೋದಂತೆ ಮೇಲಿನದು ಮೊದಲು ಸವೆಯುತ್ತದೆ, ಕೆಳಗಿನ ಅಂಚು ಚೂಪಾಗೇ ಉಳಿಯುತ್ತದೆ. ಇಂಥದ್ದನ್ನು ತೂಕಕ್ಕೆ ಹಾಕೋದು ಅಂದರೆ ಹೊಟ್ಟೆ ಉರಿಯುತ್ತದೆ.

ಕೇಳಿದವರು:

ಎಲ್ಲರೂ ಹೇಳಿದಂತೆ ನೋಡಿ ಬಂದೆ. ಕೆಂಪಿನ ಕೆಳಗೆ, ತೊಲೆಯ ಅಡಿಯಲ್ಲಿ ಬೂದು ಬಣ್ಣ ಇದೆ. ಮೂರು ಪಿನ್, ಕೆಳಗಿನವು 22 ಮಿ.ಮೀ. ಉಳುವ ಆಳ ಹಿಡಿಯುವ ಗಾಲಿ ಇಲ್ಲ, ಅದನ್ನು ಕೂಡಿಸಿದ್ದ ತೂತೂ ಇಲ್ಲ. ಒಂದೊಂದು ಕುಳ ಕತ್ತರಿಸುವ ಅಗಲ 10 ಇಂಚು. ಫ್ರಾಗಿನ ಮೇಲೆ ಅಂಕಿ ಇದೆ, ಹೆಸರು ಇಲ್ಲ. ಕುಳಗಳು ಲೋಕಲ್, ಲಾರಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿಯಿಂದ) ಬಡಿದಂತಿವೆ.

ಮಗರಪಟ್ಟಾದಿಂದ:

ಹಾಗಾದರೆ ಫರ್ಗ್ಯೂಸನ್ ಕಡೆಗೇ ಬೆರಳು ತೋರಿಸುತ್ತಿದೆ! ಅವರ ಟ್ರ್ಯಾಕ್ಟರ್, ಉಪಕರಣ ಎರಡೂ ಬೂದು ಬಣ್ಣ. ಆಳವನ್ನು ಟ್ರ್ಯಾಕ್ಟರಿನ ಹೈಡ್ರಾಲಿಕ್ಕೇ ಹಿಡಿಯುತ್ತಿತ್ತು, ಅದಕ್ಕೇ ಗಾಲಿ ಬೇಕಿರಲಿಲ್ಲ. ಎರಡು ಕುಳ, 10 ಇಂಚು ಅವರ ಸಾಮಾನ್ಯ ಅಳತೆ. ಆದರೆ ಈ ಮಾದರಿಯನ್ನು ನೋಡಿ ಬೇರೆಯವರೂ ಮಾಡಿದ್ದಾರೆ. ಫ್ರಾಗಿನ ಅಂಕಿಯನ್ನು ಅವರ ಹಳೇ ಬಿಡಿಭಾಗಗಳ ಪಟ್ಟಿಗೆ ತಾಳೆ ನೋಡುವವರೆಗೆ ಫರ್ಗ್ಯೂಸನ್ ಮಾದರಿ ಅಂತಷ್ಟೇ ಹೇಳಿ. ಶೆಡ್ಡಿನ ಮೂಲೆಯಲ್ಲಿ ಹಿಡಿಯ ಮೇಲೆ ಇಂಚಿನ ಗೆರೆ ಇರುವ ಪಾನಾ ಏನಾದರೂ ಇದೆಯಾ ಹುಡುಕಿ. ಟ್ರ್ಯಾಕ್ಟರಿನ ಜೊತೆ ಬರುತ್ತಿದ್ದ ಪಾನಾ ಅದು, ನೇಗಿಲನ್ನು ಹೊಂದಿಸೋಕೂ ಅದೇ ಅಳತೆಗೋಲು.

ಹಡಪಸರದಿಂದ:

ಲೋಕಲ್ ಕುಳ ಅಂತ ಬೇಸರ ಬೇಡ. ಅದು ಕಟ್ಟಿಟ್ಟ ನೇಗಿಲಲ್ಲ, ಹೊಲದಲ್ಲಿ ದುಡಿದದ್ದು ಅಂತ ಅದೇ ಹೇಳುತ್ತದೆ. ಕುಳದ ತುದಿಯಿಂದ ಲ್ಯಾಂಡ್‌ಸೈಡಿನ, ಅಂದರೆ ಸಾಲಿನ ಗೋಡೆಗೆ ಒರಗುವ ಪಟ್ಟಿಯ, ಹಿಮ್ಮಡಿಯವರೆಗೆ ನೆಟ್ಟಗಿನ ಪಟ್ಟಿಯೊಂದನ್ನು ಅಡಿಗೆ ಹಿಡಿದು ನೋಡಿ. ನಡುವೆ 3ರಿಂದ 5 ಮಿ.ಮೀ. ಸಂದು ಇದ್ದರೆ ನೇಗಿಲು ಇನ್ನೂ ತಾನಾಗೇ ನೆಲಕ್ಕೆ ಇಳಿಯುತ್ತದೆ. ಸಂದು ಇಲ್ಲ ಅಂದರೆ ಕುಳ ಬದಲಿಸಬೇಕು.

ಚಿಂಚವಡದಿಂದ:

ಗ್ರೈಂಡರ್ ಮುಟ್ಟಿಸಬೇಡಿ, ಅಷ್ಟೇ ನನ್ನ ಕೋರಿಕೆ. ಉಬ್ಬಿದ ಅಕ್ಷರ ಹೋದರೆ ಮತ್ತೆ ಬರೋದಿಲ್ಲ. ಬೂದು ಬಣ್ಣ ಉಳಿದಿರುವ ಜಾಗವನ್ನು ಹಾಗೇ ಬಿಡಿ, ಮುಂದೆ ಅದೇ ಸಾಕ್ಷಿ. ರೆಕ್ಕೆಗೆ ಪೇಂಟ್ ಬೇಡ, ದಪ್ಪಗೆ ಗ್ರೀಸ್ ಬಳಿಯಿರಿ. ನೆಲಕ್ಕೆ ತಾಗದಂತೆ ಮರದ ದಿಮ್ಮಿ ಮೇಲೆ ಇಡಿ. ಫ್ರಾಗಿನ ಫೋಟೋ ಇಲ್ಲಿ ಹಾಕಿ, ಅಂಕಿ ಓದೋಕೆ ಬರದಿದ್ದರೆ ನಾನೇ ಭಾನುವಾರ ಸಾಸ್ವಡ್‌ಗೆ ಬರ್ತೀನಿ.