ಪದಚರ್ಚೆ: ಸೆಡೆತ, ಬಿಗಿತ, ಪೆಡಸು – ಪಾರ್ಶ್ವವಾಯು ಆದ ಮೇಲಿನ ಸ್ನಾಯುವಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಪಾರ್ಶ್ವವಾಯು ಆದವರ ಕೈಕಾಲು ಬಿಗಿದುಕೊಳ್ಳುತ್ತದಲ್ಲ, ಅದನ್ನು ಅಲ್ಟ್ರಾಸೌಂಡ್‌ನಿಂದ ಅಳೆಯುವುದರ ಬಗ್ಗೆ ರೋಗಿಗಳ ಮನೆಯವರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಸ್ಪಾಸ್ಟಿಸಿಟಿ (ನರದ ಹತೋಟಿ ತಪ್ಪಿ ಸ್ನಾಯು ಎದುರೆಳೆಯುವುದು), ಸ್ಟಿಫ್‌ನೆಸ್ (ಎಳೆದರೆ ಸ್ನಾಯು ಬಗ್ಗದಿರುವುದು), ಕಾಂಟ್ರಾಕ್ಚರ್ (ಸ್ನಾಯು ಗಿಡ್ಡವಾಗಿ ಬಿಡಿಸಲಾಗದಿರುವುದು) ಮೂರಕ್ಕೂ ನಾವು ‘ಬಿಗಿತ’ ಅಂತ ಬರೆದುಬಿಡುತ್ತೇವೆ. ಮಾತಿನಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಈ ಮೂರನ್ನು ಬಿಡಿಸಿ ನೋಡಲು ಅಲ್ಟ್ರಾಸೌಂಡ್ ನೆರವಾಗುತ್ತದೆ, ಎಲ್ಲದಕ್ಕೂ ಒಂದೇ ಪದ ಇಟ್ಟರೆ ‘ಬಿಗಿತದಿಂದ ಬಿಗಿತ ಉಂಟಾಗುತ್ತದೆ’ ಎಂಬ ವಾಕ್ಯ ಬರುತ್ತದೆ. ಓದಿದವರಿಗೆ ಏನು ತಿಳಿಯಬೇಕು?

ವಿಷಯ ಇಷ್ಟು. ಮಿದುಳಿಗೆ ಪೆಟ್ಟು ಬಿದ್ದಾಗ ಬೆನ್ನುಹುರಿಯ ಮೇಲೆ ಅದಕ್ಕಿದ್ದ ಹತೋಟಿ ತಪ್ಪುತ್ತದೆ. ಆಮೇಲೆ ಸ್ನಾಯುವನ್ನು ಎಳೆದರೆ ಅದು ಅತಿಯಾಗಿ ಎದುರೆಳೆಯುತ್ತದೆ, ಬೇಗ ಎಳೆದಷ್ಟೂ ಜಾಸ್ತಿ. 1980ರಲ್ಲಿ ಲ್ಯಾನ್ಸ್ ಎಂಬ ನರವೈದ್ಯರು ಕೊಟ್ಟ ವ್ಯಾಖ್ಯೆಯಲ್ಲಿ ಈ ವೇಗದ ಮಾತೇ ಮುಖ್ಯ. ಮೊಣಕೈಯನ್ನು ಮೆಲ್ಲಗೆ ಬಿಡಿಸಿದರೆ ಪೂರ್ತಿ ನೆಟ್ಟಗಾಗುವ ಕೈ, ಜೋರಾಗಿ ಬಿಡಿಸಿದಾಗ ಅರ್ಧದಲ್ಲೇ ಗಕ್ಕನೆ ನಿಲ್ಲುತ್ತದೆ. ಇದು ನರದ ಕೆಲಸ. ಆದರೆ ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದರೆ ಸ್ನಾಯುವೇ ಬದಲಾಗುತ್ತಾ ಹೋಗುತ್ತದೆ, ನಾರುಗಳು ಗಿಡ್ಡವಾಗುತ್ತವೆ, ಅವುಗಳ ನಡುವೆ ಕೊಬ್ಬೂ ಗಟ್ಟಿ ನಾರಂಗಾಂಶವೂ ಸೇರಿಕೊಳ್ಳುತ್ತವೆ. ಆಗ ಎಷ್ಟೇ ಮೆಲ್ಲಗೆ ಬಿಡಿಸಿದರೂ ಕೈ ನೆಟ್ಟಗಾಗುವುದಿಲ್ಲ. ಇದು ನರದ್ದಲ್ಲ, ಮಾಂಸದ್ದು.

ಬೇರೆ ಮಾಡಿ ಹೇಳಲೇಬೇಕು, ಯಾಕೆಂದರೆ ಚಿಕಿತ್ಸೆಯೂ ಬೇರೆ. ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಗಿಡ್ಡವಾಗಿಬಿಟ್ಟ ನಾರನ್ನು ಅದು ಉದ್ದ ಮಾಡುವುದಿಲ್ಲ. ‘ಇಂಜೆಕ್ಷನ್ ಕೊಟ್ಟರೂ ಕೈ ಯಾಕೆ ಬಿಡಿಸಲಿಲ್ಲ’ ಎಂದು ಮನೆಯವರು ಕೇಳಿದಾಗ ಉತ್ತರ ಇರುವುದು ಇಲ್ಲೇ ಅಲ್ವಾ?

ಕೈಯಿಂದ ಎಳೆದು ನೋಡುವ ಆಶ್ವರ್ತ್ ಅಳತೆ 1964ರಷ್ಟು ಹಳೆಯದು. 1987ರಲ್ಲಿ ಅದನ್ನು ತಿದ್ದಿ 1 ಮತ್ತು 2ನೇ ದರ್ಜೆಗಳ ನಡುವೆ ‘1+’ ಸೇರಿಸಿದರು. ಪರೀಕ್ಷಿಸುವವರ ಕೈಗೆ ಎಷ್ಟು ಎದುರೆಳೆತ ಸಿಕ್ಕಿತು ಎಂದಷ್ಟೇ ಅದು ಹೇಳುತ್ತದೆ. ನರದ್ದೆಷ್ಟು, ಮಾಂಸದ್ದೆಷ್ಟು ಎಂದು ಹೇಳುವುದಿಲ್ಲ.

ಅಲ್ಟ್ರಾಸೌಂಡ್ ನೋಡುವುದು ಮಾಂಸವನ್ನು. ಆರೋಗ್ಯವಾದ ಸ್ನಾಯು ಪರದೆಯ ಮೇಲೆ ಕಪ್ಪಾಗಿ, ನಡುನಡುವೆ ತೆಳುವಾದ ಬಿಳಿ ಗೆರೆಗಳಿಂದ ಕಾಣುತ್ತದೆ, ಕೆಳಗೆ ಮೂಳೆಯ ಅಂಚು ಸ್ಪಷ್ಟವಾಗಿರುತ್ತದೆ. ಕೊಬ್ಬು, ನಾರಂಗಾಂಶ ಹೆಚ್ಚಿದಂತೆ ಇಡೀ ಚಿತ್ರ ಬೆಳ್ಳಗಾಗುತ್ತದೆ, ಕೊನೆಗೆ ಮೂಳೆಯ ಗೆರೆಯೇ ಕಾಣಿಸುವುದಿಲ್ಲ. ಇದನ್ನು ನಾಲ್ಕು ದರ್ಜೆಗಳಲ್ಲಿ ಹೇಳುವ ಹೆಕ್‌ಮ್ಯಾಟ್ ಅಳತೆ 1982ರದು, ಮೊದಲು ಮಕ್ಕಳ ಸ್ನಾಯುರೋಗಗಳಿಗೆಂದು ಬಂದದ್ದು. ಜೊತೆಗೆ ಸ್ನಾಯುವಿನ ದಪ್ಪ, ನಾರಿನ ಉದ್ದ, ನಾರು ಎಷ್ಟು ಓರೆಯಾಗಿದೆ ಎಂಬುದನ್ನೂ ಅಳೆಯಬಹುದು.

ಎಲಾಸ್ಟೋಗ್ರಫಿ ಎಂಬ ಅಲ್ಟ್ರಾಸೌಂಡ್ ವಿಧಾನದಲ್ಲಿ ಇನ್ನೊಂದು ಹೆಜ್ಜೆ ಇದೆ. ಯಂತ್ರ ಸ್ನಾಯುವಿನೊಳಗೆ ಸಣ್ಣ ಅಲೆಯೊಂದನ್ನು ಎಬ್ಬಿಸಿ ಅದು ಎಷ್ಟು ವೇಗವಾಗಿ ಸಾಗಿತು ಎಂದು ನೋಡುತ್ತದೆ. ಬಿಗಿಯಾಗಿ ಕಟ್ಟಿದ ಹಗ್ಗವನ್ನು ಮೀಟಿದರೆ ನಡುಕ ಬೇಗ ಆ ತುದಿ ಮುಟ್ಟುವ ಹಾಗೆ, ಇಲ್ಲೂ ಅಲೆ ಬೇಗ ಓಡಿದರೆ ಸ್ನಾಯು ಹೆಚ್ಚು ಪೆಡಸು ಎಂದರ್ಥ. ಸೆಕೆಂಡಿಗೆ ಇಷ್ಟು ಮೀಟರ್ ಅಥವಾ ಇಷ್ಟು ಕಿಲೋಪ್ಯಾಸ್ಕಲ್ ಎಂದು ಉತ್ತರ ಬರುತ್ತದೆ. ಆದರೆ ಕೀಲು ಬಿಡಿಸಿದಷ್ಟೂ ಸ್ನಾಯು ಎಳೆದುಕೊಂಡು ಈ ಅಂಕಿ ಏರುತ್ತದೆ. ಹಾಗಾಗಿ ಮೊಣಕೈ ಎಷ್ಟು ಮಡಚಿತ್ತು, ಪ್ರೋಬನ್ನು (ಚರ್ಮದ ಮೇಲಿಟ್ಟು ನೋಡುವ ಸಾಧನವನ್ನು) ನಾರಿನ ಉದ್ದಕ್ಕೆ ಹಿಡಿದಿದ್ದರಾ, ಒತ್ತಿ ಹಿಡಿದಿದ್ದರಾ ಎಂದು ಬರೆಯದೆ ಸುಮ್ನೆ ಅಂಕಿ ಕೊಟ್ಟರೆ ಅದನ್ನು ಯಾವುದರ ಜೊತೆಗೂ ಹೋಲಿಸಲಾಗದು.

ಈಗ ಪದಗಳಿಗೆ ಬರುತ್ತೇನೆ. ಸ್ಪಾಸ್ಟಿಸಿಟಿಗೆ ‘ಸೆಳೆತ’ ಬೇಡ. ಮೀನಖಂಡ ಹಿಡಿದುಕೊಂಡರೂ ಸೆಳೆತ ಅನ್ನುತ್ತೇವೆ, ‘ಸೆಳವು’ ಅಂದರೆ ಫಿಟ್ಸ್ ಎಂದೂ ಆಗುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ‘ಸೆಟೆತ’ ಅಂದರೆ ನೆಟ್ಟಗೆ ಸೆಟೆದು ನಿಂತ ಚಿತ್ರ ಕಣ್ಣಿಗೆ ಬರುತ್ತದೆ. ಕಾಲಿಗೆ ಒಪ್ಪಬಹುದು, ಆದರೆ ಕೈ ಸಾಮಾನ್ಯವಾಗಿ ಎದೆಯ ಕಡೆಗೆ ಮಡಚಿಕೊಳ್ಳುತ್ತದೆ. ನನ್ನ ಒಲವು ‘ಸೆಡೆತ’ದ ಕಡೆ. ಕೈಕಾಲು ಸೆಡೆತುಕೊಂಡಿದೆ ಅಂದರೆ ಮಡಚಿದ್ದಕ್ಕೂ ಆಗುತ್ತದೆ, ಚಾಚಿದ್ದಕ್ಕೂ ಆಗುತ್ತದೆ.

ಸ್ಟಿಫ್‌ನೆಸ್‌ಗೆ ‘ಗಡಸುತನ’ ಎಂದು ಬರೆಯುವವರಿದ್ದಾರೆ. ಅದು ಲೋಹ, ಕಲ್ಲುಗಳ ಗುಣ ಹೇಳುವ ಪದವಾಗಿ ವಿಜ್ಞಾನದ ಪಾಠಗಳಲ್ಲಿ ನೆಲೆಯಾಗಿದೆ. ಗೀರಿದರೆ ಗೀರು ಬೀಳದಿರುವುದು ಬೇರೆ, ಎಳೆದರೆ ಬಗ್ಗದಿರುವುದು ಬೇರೆ. ಇಲ್ಲಿ ಬೇಕಿರುವುದು ಎರಡನೆಯದು, ಅದಕ್ಕೆ ‘ಪೆಡಸು’ ಸಾಕು. ಕಾಂಟ್ರಾಕ್ಚರ್‌ಗೆ ‘ಮುರುಟು’ ಇಡೋಣವೇ? ಎಲೆ ಮುರುಟುವುದಕ್ಕೆ ಬಳಸುವ ಮಾತು, ಆದರೂ ಗಿಡ್ಡವಾಗಿ ಮತ್ತೆ ಬಿಡಿಸಲಾಗದ್ದು ಎಂಬ ಅರ್ಥ ಅದರಲ್ಲಿದೆ ಎಂದು ನನಗನ್ನಿಸುತ್ತದೆ. ಸ್ನಾಯು, ಅಲ್ಟ್ರಾಸೌಂಡ್ ಎರಡನ್ನೂ ಹಾಗೇ ಇಟ್ಟಿದ್ದೇನೆ. ‘ಶ್ರವಣಾತೀತ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಹೀಗಾದರೆ ವಾಕ್ಯ ಸಲೀಸಾಗುತ್ತದೆ: ‘ಸೆಡೆತ ಬಹಳ ದಿನ ಉಳಿದರೆ ಸ್ನಾಯು ಪೆಡಸಾಗುತ್ತದೆ, ಅಲ್ಟ್ರಾಸೌಂಡ್ ಆ ಪೆಡಸನ್ನು ಅಳೆಯುತ್ತದೆ.’ ಅಲ್ಟ್ರಾಸೌಂಡ್ ಸೆಡೆತವನ್ನೇ ಅಳೆಯುತ್ತದೆ ಎಂದು ಬರೆಯುವುದು ಸರಿಯಲ್ಲ ಎಂಬುದೂ ಈ ಪದಗಳಿಂದ ತಾನಾಗಿ ತಿಳಿಯುತ್ತದೆ.

ಎರಡು ಪದ ಮಾತ್ರ ಬಾಕಿ. ಚಿತ್ರ ಎಷ್ಟು ಬೆಳ್ಳಗಿದೆ ಎಂಬ ಎಕೋ ಇಂಟೆನ್ಸಿಟಿಗೆ ‘ಮಾರ್ದನಿಯ ತೀವ್ರತೆ’ಗಿಂತ ‘ಚಿತ್ರದ ಬಿಳುಪು’ ಒಳ್ಳೆಯದಲ್ಲವೇ? ಇನ್ನೊಂದು, ಜೋರಾಗಿ ಎಳೆದಾಗ ಕೈ ಗಕ್ಕನೆ ನಿಲ್ಲುವ ಆ ಕ್ಷಣಕ್ಕೆ ಫಿಸಿಯೋಥೆರಪಿಯವರು ‘ಕ್ಯಾಚ್’ ಅನ್ನುತ್ತಾರೆ. ‘ತಡೆ’ ಅಂದರೆ ಸಪ್ಪೆ, ‘ಹಿಡಿತ’ ಅಂದರೆ ಮುಷ್ಟಿಯ ಹಿಡಿತ ಎಂದುಕೊಳ್ಳುತ್ತಾರೆ. ಈ ಕೆಲಸದಲ್ಲಿ ಇರುವವರು ರೋಗಿಗಳ ಜೊತೆ ಕನ್ನಡದಲ್ಲಿ ಏನು ಹೇಳುತ್ತೀರಿ, ದಯವಿಟ್ಟು ತಿಳಿಸಿ.