ಹಳೆಯ ಜೆಡ್4, ಸವೆದ ಬುಷ್‌ಗಳು ಮತ್ತು ಮಲೆನಾಡಿನ ರಸ್ತೆ: ಅನುಭವ ಹಂಚಿಕೆ

ಶಿವಮೊಗ್ಗದಿಂದ, ಪ್ರಶ್ನೆ:

ನನ್ನ ಬಳಿ 2004ರ ಬಿಎಂಡಬ್ಲ್ಯು ಜೆಡ್4 ಎಂಬ ಎರಡು ಸೀಟಿನ ಕಾರಿದೆ. ನಾನು ಅದರ ಮೂರನೆಯ ಮಾಲೀಕ, ಓಡಿರುವುದು 71,000 ಕಿ.ಮೀ. ಮಾತ್ರ. ತೀರ್ಥಹಳ್ಳಿ ರಸ್ತೆಯ ನೇರ ಭಾಗದಲ್ಲಿಯೂ ಕಾರು ಅತ್ತಿತ್ತ ಎಳೆಯುತ್ತದೆ, ಬ್ರೇಕ್ ಒತ್ತಿದ ಕೂಡಲೇ ಮುಂಭಾಗದಲ್ಲಿ ಒಮ್ಮೆ ‘ದಡ್’ ಎಂಬ ಸದ್ದಾಗುತ್ತದೆ, ಹಿಂದಿನ ಎರಡೂ ಟೈರ್‌ಗಳ ಒಳ ಅಂಚು ಬೋಳಾಗಿದೆ. ಕಾರನ್ನು ನೋಡಿದ ಮೆಕ್ಯಾನಿಕ್ ಒಬ್ಬರು ಎಲ್ಲ ಬುಷ್‌ಗಳನ್ನೂ (ಚಕ್ರ ಹಿಡಿಯುವ ಭಾಗಗಳ ಕೀಲಿನಲ್ಲಿ ಪೆಟ್ಟು ತಡೆಯುವ ರಬ್ಬರ್ ತುಂಡುಗಳು) ಒಟ್ಟಿಗೆ ತೆಗೆದು ಪಾಲಿಯುರಿಥೇನ್ (ರಬ್ಬರ್‌ಗಿಂತ ಗಟ್ಟಿಯಾದ ‘ಪಾಲಿ’) ಹಾಕಿಸಿ ಎಂದರು. ನಿಜವಾಗಿ ಯಾವುದನ್ನು ಬದಲಿಸಬೇಕು, ರಬ್ಬರ್ ಒಳ್ಳೆಯದೋ ಪಾಲಿ ಒಳ್ಳೆಯದೋ, ಬೆಂಗಳೂರಿಗೆ ಹೋಗದೆ ಇಲ್ಲೇ ಈ ಕೆಲಸ ಮಾಡಿಸಬಹುದೇ ಎಂಬುದನ್ನು ಮಾಡಿಸಿದವರಿಂದಲೇ ಕೇಳಬೇಕೆನಿಸಿತು.

ತೀರ್ಥಹಳ್ಳಿಯಿಂದ:

ಓಟ ಕಡಿಮೆ ಎಂಬ ಸಮಾಧಾನವನ್ನು ಮೊದಲು ಬಿಡಿ. ರಬ್ಬರನ್ನು ಕಿಲೋಮೀಟರ್‌ಗಿಂತ ಹೆಚ್ಚಾಗಿ ವಯಸ್ಸು ಹಾಳುಮಾಡುತ್ತದೆ. ಇಪ್ಪತ್ತು ವರ್ಷಗಳ ಬಿಸಿಲು, ಎಂಜಿನ್ನಿನ ಕಾವು ಮತ್ತು ಗಾಳಿಯ ಓಝೋನ್ ಸೇರಿ ಅದನ್ನು ಗಡುಸಾಗಿಸಿ ಬಿರುಕು ಬಿಡಿಸುತ್ತವೆ. ನಮ್ಮ ಕಡೆ ಅದರ ಜೊತೆಗೆ ಕೆಸರೂ ಕೊಳೆತ ಎಲೆಯೂ ಸಂದಿಗಳಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿ ಕುಳಿತು, ಬುಷ್‌ನ ಉಕ್ಕಿನ ಕೊಳವೆಗೆ ತುಕ್ಕು ಹಿಡಿಸುತ್ತವೆ.

ನನ್ನದು ಅದೇ ಕಾಲದ ಬಿಎಂಡಬ್ಲ್ಯು 3 ಸೀರೀಸ್. ನಿಮ್ಮ ಕಾರಿನ ಮುಂಭಾಗದ ಕೆಳ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ಲೋಹದ ಕೈ) ಅದರದೇ ಮಾದರಿಯದ್ದು: ಒಳಗೊಂದು ಬಾಲ್ ಜಾಯಿಂಟ್ (ಎಲ್ಲ ಕಡೆಗೂ ತಿರುಗುವ ಗುಂಡು ಕೀಲು), ಹೊರಗೊಂದು ಬಾಲ್ ಜಾಯಿಂಟ್, ಹಿಂದಿನ ತುದಿ ಮಾತ್ರ ಒಂದು ದಪ್ಪ ರಬ್ಬರ್ ಬುಷ್‌ನೊಳಗೆ ಕುಳಿತಿರುತ್ತದೆ. ಕಡ್ಡಿಗೆ ಸಿಕ್ಕಿಸಿದ ಮಿಠಾಯಿಯಂತೆ ಕಾಣುವುದರಿಂದ ಅದನ್ನು ‘ಲಾಲಿಪಾಪ್’ ಎನ್ನುತ್ತಾರೆ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ತಳ್ಳುವ ಬಲವನ್ನು ತಡೆಯುವುದು ಈ ಬುಷ್. ಅದು ಹರಿದಿದ್ದರೆ ಇಡೀ ಆರ್ಮ್ ಹಿಂದಕ್ಕೆ ಜಾರಿ ಬಡಿಯುತ್ತದೆ, ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಬದಲಾಗುತ್ತದೆ, ಕಾರು ಎಳೆಯುತ್ತದೆ. ನೀವು ಹೇಳಿದ ‘ದಡ್’ ಬಹುಶಃ ಇದೇ, ಆದರೆ ಊಹೆಯ ಮೇಲೆ ಬಿಡಿಭಾಗ ಕೊಳ್ಳಬೇಡಿ. ಕಾರು ನೆಲದ ಮೇಲೇ ನಿಂತಿರುವಾಗ ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿ ಹಿಡಿಯಲಿ, ಇಬ್ಬರು ಕಾರನ್ನು ಹಿಂದೆ ಮುಂದೆ ಅಲುಗಿಸಲಿ, ನೀವು ಟಾರ್ಚ್ ಹಿಡಿದು ಬುಷ್ ನೋಡಿ. ಆಮೇಲೆ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಕಡೆಗೂ, ಎಡ ಬಲ ಹಿಡಿದಾಗ ಸಡಿಲವಿದ್ದರೆ ಟೈ ರಾಡ್ (ಸ್ಟಿಯರಿಂಗ್‌ನಿಂದ ಬಂದು ಚಕ್ರ ತಿರುಗಿಸುವ ಸರಳು) ಕಡೆಗೂ ಗಮನ ಕೊಡಿ. ಬಾಲ್ ಜಾಯಿಂಟ್ ಹೋಗಿದ್ದರೆ ಪೂರ್ಣ ಆರ್ಮ್ ಕೊಳ್ಳುವುದೇ ಲೇಸು.

ಸ್ಟಿಯರಿಂಗ್ ರ‍್ಯಾಕ್‌ನ ಎರಡು ತುದಿಯ ರಬ್ಬರ್ ಚೀಲಗಳನ್ನೂ ನೋಡಿ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಒಂದು ಮಳೆಗಾಲ ನಿಲ್ಲಿಸಿದ್ದ ನನ್ನ ಕಾರಿನ ಒಂದು ಚೀಲವನ್ನು ಇಲಿ ತಿಂದಿತ್ತು. ಅದನ್ನು ಗಮನಿಸದೆ ಓಡಿಸಿದ್ದರಿಂದ ಒಳಗಿನ ಟೈ ರಾಡ್‌ಗೆ ಮರಳು ಸೇರಿ, ಅದನ್ನೂ ಬದಲಿಸಬೇಕಾಯಿತು.

ಸಾಗರದಿಂದ:

ನನ್ನದೂ ಜೆಡ್4, ಮತ್ತು ನಾನು ಮಾಡಿಸಿದ ತಪ್ಪೊಂದನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ರಬ್ಬರ್ ಬುಷ್ ಬೇರಿಂಗ್‌ನಂತೆ ತಿರುಗುವುದಿಲ್ಲ. ಅದರ ಒಳ ಕೊಳವೆ ಬೋಲ್ಟ್‌ನೊಂದಿಗೆ ಬಿಗಿಯಾಗಿ ನಿಲ್ಲುತ್ತದೆ, ಹೊರ ಕೊಳವೆ ಆರ್ಮ್‌ನೊಂದಿಗೆ ಚಲಿಸುತ್ತದೆ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಬದುಕಬೇಕಾಗುತ್ತದೆ. ನನ್ನ ಕಾರಿಗೆ ಒಂದು ವರ್ಕ್‌ಶಾಪಿನಲ್ಲಿ ಹೀಗೆಯೇ ಮಾಡಿದರು. ರೋಹಿಣಿ ಮಳೆಯ ಹೊತ್ತಿಗೆ ಹಾಕಿಸಿದ ಹೊಸ ಬುಷ್‌ಗಳು ದೀಪಾವಳಿಯ ಹೊತ್ತಿಗೆ ಹರಿದಿದ್ದವು, ಮತ್ತು ಬಿಡಿಭಾಗವೇ ಕಳಪೆ ಎಂದು ನಾನೂ ನಂಬಿದ್ದೆ.

ಎರಡನೆಯ ಬಾರಿ ಕಾರನ್ನು ಹಲಗೆಗಳ ಮೇಲೆ ಹತ್ತಿಸಿ, ಚಕ್ರಗಳು ಭಾರ ಹೊತ್ತಿರುವಾಗಲೇ ಕೊನೆಯ ಬಿಗಿತ ಕೊಡಿಸಿದೆ. ಲಾಲಿಪಾಪ್ ಬುಷ್‌ಗೆ ಇನ್ನೂ ಒಂದು ಕಟ್ಟುಪಾಡಿದೆ. ಅದನ್ನು ಆರ್ಮ್‌ನ ಆರು ಮೂಲೆಯ ತುದಿಗೆ ಸೋಪಿನ ನೀರಿನಂಥ ಜಾರುವ ದ್ರವ ಹಚ್ಚಿ ತೂರಿಸಬೇಕು. ದ್ರವ ಒಣಗುತ್ತಿದ್ದಂತೆ ರಬ್ಬರ್ ಆರ್ಮ್ ಅನ್ನು ಕಚ್ಚಿಕೊಳ್ಳುವುದರಿಂದ, ತೂರಿಸಿದ ಕೂಡಲೇ ಕಾರನ್ನು ನಿಲುವಿನ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಗ್ರೀಸ್ ಹಚ್ಚಿದರೆ ಕೆಲಸ ಕೆಟ್ಟಂತೆಯೇ, ಏಕೆಂದರೆ ಖನಿಜ ತೈಲ ನೈಸರ್ಗಿಕ ರಬ್ಬರನ್ನು ಉಬ್ಬಿಸುತ್ತದೆ. ಬುಷ್ ಮೇಲಿನ ಬಾಣದ ಗುರುತು ಬ್ರಾಕೆಟ್ಟಿನ ಗುರುತಿಗೆ ಸರಿಯಾಗಿ ಕೂರಬೇಕು. ಒಂದು ದಿಕ್ಕಿಗೆ ಮೃದು, ಇನ್ನೊಂದು ದಿಕ್ಕಿಗೆ ಗಟ್ಟಿ ಇರುವಂತೆ ಅದರ ರಬ್ಬರಿನಲ್ಲಿ ಟೊಳ್ಳು ಬಿಟ್ಟಿರುತ್ತಾರೆ.

ಹಿಂದಿನ ಟೈರ್ ಒಳಗಡೆ ಸವೆಯುವುದಕ್ಕೆ ಟ್ರೇಲಿಂಗ್ ಆರ್ಮ್‌ನ (ಹಿಂದಿನ ಚಕ್ರವನ್ನು ಅದರ ಮುಂದಿನಿಂದ ಹಿಡಿದಿಡುವ ಕೈ) ಮುಂತುದಿಯ ಬುಷ್ ನೋಡಿ. ಅದು ಸಡಿಲಾದರೆ ಬ್ರೇಕ್ ಮತ್ತು ಎಳೆತದಲ್ಲಿ ಹಿಂದಿನ ಚಕ್ರ ತಾನಾಗಿಯೇ ಚೂರು ತಿರುಗುತ್ತದೆ, ಅಂದರೆ ಹಿಂದಿನಿಂದಲೂ ಯಾರೋ ಸ್ಟಿಯರಿಂಗ್ ಹಿಡಿದಂತಾಗುತ್ತದೆ. ಈ ಬುಷ್‌ನ ಬ್ರಾಕೆಟ್ ಮೂರು ಬೋಲ್ಟ್‌ಗಳಿಂದ ಕಾರಿನ ಬಾಡಿಯ ಮೇಲೆ ಕೂತಿದೆ, ಮತ್ತು ಹಿಂದಿನ ಟೋ ಹೊಂದಿಸುವುದೂ ಆ ಬ್ರಾಕೆಟ್ಟನ್ನು ಸರಿಸಿಯೇ. ಹಾಗಾಗಿ ಕಳಚುವ ಮುನ್ನ ಅದರ ಅಂಚಿನ ಸುತ್ತ ಬಾಡಿಯ ಮೇಲೆ ಗೆರೆ ಕೊರೆದಿಟ್ಟುಕೊಳ್ಳಿ. ಬ್ರಾಕೆಟ್ ಬಾಡಿಯ ಮೇಲೆ ಕೂತ ನಂತರ ಒಳಗಿನ ಬೋಲ್ಟ್‌ಗೆ ಕೈ ಎಟುಕುವುದಿಲ್ಲವಾದ್ದರಿಂದ, ಆರ್ಮ್‌ಗೂ ಬ್ರಾಕೆಟ್ಟಿಗೂ ಇರುವ ಕೋನವನ್ನು ಮೊದಲೇ ಹೊಂದಿಸಿ ಬಿಗಿಯಬೇಕು. ಕಾರು ಚಕ್ರದ ಮೇಲೆ ನಿಂತಿರುವಾಗಲೇ ಎರಡಕ್ಕೂ ಸೇರಿ ಒಂದು ಗುರುತು ಹಾಕಿಟ್ಟುಕೊಂಡರೆ ಈ ಕೋನ ಕಳೆದುಹೋಗುವುದಿಲ್ಲ.

ಶಿವಮೊಗ್ಗದಿಂದ, ಲೇತ್ ಕೆಲಸದವರು:

ಇಲ್ಲೇ ಆಗುತ್ತದೆ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ಕಳಚುವ ಕೈಗಳಿವೆ, ಮಾಚೇನಹಳ್ಳಿಯ ಕಡೆ ಹೈಡ್ರಾಲಿಕ್ ಪ್ರೆಸ್ ಇರುವ ಶೆಡ್ಡುಗಳಿವೆ. ಆದರೆ ಹಿಂದಿನ ಬುಷ್‌ಗಾಗಿ ಆರ್ಮ್ ಕಳಚಿ ಪ್ರೆಸ್‌ಗೆ ತರುವ ಅಗತ್ಯವಿಲ್ಲ. ಗಟ್ಟಿ ದರ್ಜೆಯ ಉದ್ದ ಸ್ಟಡ್ ಒಂದು, ಹಳೆಯ ಬುಷ್ ಒಳಗೆ ಜಾರಿ ಬರುವಷ್ಟು ಅಗಲದ ಪೈಪಿನ ತುಂಡು ಒಂದು, ಬುಷ್‌ನ ಹೊರ ಕೊಳವೆಯನ್ನಷ್ಟೇ ಒತ್ತುವ ಬಿಲ್ಲೆ ಒಂದು ಮಾಡಿಸಿಕೊಂಡರೆ ಕಾರಿನ ಕೆಳಗೇ ಎಳೆದು ತೆಗೆಯಬಹುದು, ಹೊಸದನ್ನು ಎಳೆದು ಕೂರಿಸಲೂಬಹುದು. ಅಳತೆಗೆ ಹೊಸ ಬುಷ್ ತನ್ನಿ, ಬಾಯಿಮಾತಿನ ಮಿಲಿಮೀಟರ್ ಬೇಡ.

ಕೆಲವರು ಗ್ಯಾಸ್ ಹಚ್ಚಿ ರಬ್ಬರ್ ಸುಡುತ್ತಾರೆ. ಹೊಗೆ ವಿಷ, ಪಕ್ಕದಲ್ಲೇ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಹಾದಿರುತ್ತವೆ, ದಯವಿಟ್ಟು ಒಪ್ಪಬೇಡಿ. ಮುಂಭಾಗಕ್ಕೆ ಬ್ರಾಕೆಟ್ ಸಮೇತ ಒತ್ತಿ ಕೂರಿಸಿದ ಬುಷ್ ಸಿಗುತ್ತದೆ. ಸ್ವಲ್ಪ ದುಬಾರಿಯಾದರೂ ನಾನು ಅದನ್ನೇ ತರಲು ಹೇಳುತ್ತೇನೆ. ನನಗೆ ಬರುವ ಕೂಲಿ ಹೋದರೂ ಚಿಂತೆಯಿಲ್ಲ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮನೆಯಲ್ಲೇ ಮಾಡುವವರು ಅಡಿಕೆ ಒಣಗಿಸುವ ಮಣ್ಣಿನ ಅಂಗಳದಲ್ಲಿ ಜಾಕ್ ಇಡಬಾರದು, ಮಳೆ ಕುಡಿದ ನೆಲ ಸ್ಟ್ಯಾಂಡನ್ನು ನುಂಗುತ್ತದೆ.

ಕೊಪ್ಪದಿಂದ:

ಪಾಲಿ ಬಗ್ಗೆ ನನ್ನ ಅಭಿಪ್ರಾಯ ಬೇರೆಯವರಿಗಿಂತ ಸ್ವಲ್ಪ ಭಿನ್ನ. ಮುಂಭಾಗದ ಲಾಲಿಪಾಪ್‌ಗೆ ಪಾಲಿ ಹಾಕಿಸಿ ನಾಲ್ಕು ವರ್ಷವಾಯಿತು, ನನಗೆ ಪಶ್ಚಾತ್ತಾಪವಿಲ್ಲ. ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ಕಾರು ತಿರುಗುತ್ತದೆ, ಬ್ರೇಕ್‌ನಲ್ಲಿ ಅಲುಗುವುದಿಲ್ಲ. ಇದು ರಬ್ಬರ್‌ನಂತೆ ತಿರುಚಿಕೊಳ್ಳದೆ ಕೊಳವೆಯ ಮೇಲೆ ಜಾರಿ ತಿರುಗುವುದರಿಂದ ಎತ್ತರ ನೋಡಿ ಬಿಗಿಯುವ ತಾಪತ್ರಯವೂ ಕಡಿಮೆ. ಆದರೆ ಜಾರಲು ಸಿಲಿಕೋನ್ ಗ್ರೀಸ್ ಬೇಕು, ಮತ್ತು ಪುನರ್ವಸು ಮಳೆಯಲ್ಲಿ ದಿನವೂ ಕೆಸರು ಹಾಯ್ದರೆ ಆ ಗ್ರೀಸ್ ಉಳಿಯುವುದಿಲ್ಲ. ನವೆಂಬರ್ ಬಂತೆಂದರೆ ನನ್ನ ಕಾರು ಹಳೆಯ ಜೋಕಾಲಿಯಂತೆ ಕಿರುಗುಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಚ್ಚುತ್ತೇನೆ. ಹಿಂದಿನ ಟ್ರೇಲಿಂಗ್ ಆರ್ಮ್‌ಗೆ ಮಾತ್ರ ಪಾಲಿ ಬೇಡವೆನ್ನುತ್ತೇನೆ. ಆ ಆರ್ಮ್ ಮೇಲೆ ಕೆಳಗೆ ಮಾತ್ರ ಚಲಿಸದೆ ಪಕ್ಕಕ್ಕೂ ಓರೆಯಾಗುತ್ತದೆ. ಗಟ್ಟಿ ಬುಷ್ ಅದಕ್ಕೆ ಅವಕಾಶ ಕೊಡದೆ ಇಡೀ ಹಿಂಭಾಗವನ್ನು ಬಿಗಿಹಿಡಿಯುತ್ತದೆ. ನಮ್ಮ ಗುಂಡಿಗಳ ಪೆಟ್ಟೂ ನೇರವಾಗಿ ಕಾರಿನ ಬಾಡಿಯೊಳಕ್ಕೆ ಹೋಗುತ್ತದೆ. ಎಲ್ಲ ಕಡೆಗೂ ಪಾಲಿ ಎಂದ ಮೆಕ್ಯಾನಿಕ್ ಈ ರಸ್ತೆಗಳಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಒಮ್ಮೆ ಕೂರಲಿ.

ಆಗುಂಬೆ ಕಡೆಯಿಂದ:

ಎರಡು ವಿಷಯಗಳು ಇಲ್ಲಿ ಬಂದಿಲ್ಲ. ಈ ಕಾರಿಗೆ ಕಾರ್ಖಾನೆಯಿಂದ ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ) ಟೈರ್ ಬರುತ್ತಿತ್ತು. ಅದರ ಪಕ್ಕೆ ಗಡುಸಾಗಿರುವುದರಿಂದ ಲಾರಿಗಳು ತುಳಿದು ಮಾಡಿದ ಜಾಡುಗಳಲ್ಲಿ ಕಾರು ತಾನೇ ಜಾಡು ಹಿಡಿದು ಎಳೆಯುತ್ತದೆ. ನಾನು ಸಾಮಾನ್ಯ ಟೈರ್‌ಗೆ ಬದಲಾದಾಗ ಆ ಎಳೆತದ ಅರ್ಧ ಭಾಗ ಬುಷ್ ಮುಟ್ಟದೆಯೇ ಹೋಯಿತು. ಆದರೆ ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಆದ್ದರಿಂದ ಗಾಳಿ ತುಂಬುವ ಪಂಪು ಮತ್ತು ಪಂಕ್ಚರ್ ಸಾಮಾನು ಜೊತೆಗಿರಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ರಾತ್ರಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು, ಇದರ ಪವರ್ ಸ್ಟಿಯರಿಂಗ್ ಎಣ್ಣೆಯದ್ದಲ್ಲ, ಕಾಲಮ್ಮಿನಲ್ಲಿ ಕೂತ ವಿದ್ಯುತ್ ಮೋಟಾರಿನದ್ದು. ಬಿಸಿಲಿನಲ್ಲಿ ಬಹಳ ಹೊತ್ತು ಓಡಿಸಿದ ಮೇಲೆ ಸ್ಟಿಯರಿಂಗ್ ನಡುಮಧ್ಯದಲ್ಲಿ ಅಂಟಿಕೊಂಡಂತಾಗಿ, ಚೂರು ತಳ್ಳಿದರೆ ಮಾತ್ರ ಬಿಡುವುದು ಈ ಮಾದರಿಯ ಹೆಸರಾದ ಕಾಯಿಲೆ. ನನ್ನ ಕಾರಿನಲ್ಲಿ ಮೇಲೆ ಆಗುಂಬೆಯ ತಂಪಿನಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ, ಸೋಮೇಶ್ವರ ಇಳಿದು ಹೆಬ್ರಿ ದಾಟಿ ಉಡುಪಿಯ ಸೆಕೆಗೆ ಹೋದಾಗ ಮಾತ್ರ ಕಾಡುತ್ತಿತ್ತು. ಅದನ್ನೇ ಟೈ ರಾಡ್ ದೋಷವೆಂದು ಭಾವಿಸಿ ನಾನು ಎರಡು ಟೈ ರಾಡ್ ವ್ಯರ್ಥವಾಗಿ ಬದಲಿಸಿದ್ದೇನೆ.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ:

ತೀರ್ಥಹಳ್ಳಿಯವರು ಹೇಳಿದಂತೆ ಬ್ರೇಕ್ ಒತ್ತಿ ಅಲುಗಿಸಿ ನೋಡಿದಾಗ ಎಡಗಡೆಯ ಲಾಲಿಪಾಪ್ ಪೂರ್ತಿ ಬಿರಿದಿರುವುದು ಬರಿಗಣ್ಣಿಗೇ ಕಂಡಿತು, ಬಲಗಡೆಯದ್ದರಲ್ಲಿ ಬಿರುಕಿತ್ತು. ಬಾಲ್ ಜಾಯಿಂಟ್‌ಗಳೂ ಟೈ ರಾಡ್‌ಗಳೂ ಗಟ್ಟಿಯಾಗಿವೆ. ಮುಂಭಾಗಕ್ಕೆ ಬ್ರಾಕೆಟ್ ಸಮೇತದ ರಬ್ಬರ್ ಬುಷ್, ಹಿಂಭಾಗಕ್ಕೆ ಟ್ರೇಲಿಂಗ್ ಆರ್ಮ್‌ನ ರಬ್ಬರ್ ಬುಷ್ ಹಾಕಿಸಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಅಲೈನ್‌ಮೆಂಟ್ ಮಾಡುವಾಗ ಎರಡೂ ಸೀಟಿನಲ್ಲಿ ಮನುಷ್ಯರ ತೂಕ ಇರಬೇಕೆಂದು ತಿಳಿದು ಮಾವನ ಮನೆಯಿಂದ ಎರಡು ಅಡಿಕೆ ಮೂಟೆ ತಂದಿದ್ದೆ. ಯಂತ್ರದ ಹುಡುಗ ನಕ್ಕರೂ, ಮೂಟೆ ಇಟ್ಟ ಮೇಲೆ ಹಿಂದಿನ ಚಕ್ರದ ಓರೆಯ ಅಂಕಿ ಬದಲಾದದ್ದನ್ನು ನೋಡಿ ಸುಮ್ಮನಾದ.

ಬ್ರೇಕ್‌ನ ‘ದಡ್’ ಪೂರ್ತಿ ನಿಂತಿದೆ, ಮಂಡಗದ್ದೆಯ ತನಕ ಎರಡು ಬೆರಳಿನಲ್ಲಿ ಹಿಡಿದು ಹೋಗಿ ಬಂದೆ. ಆದರೆ ಒಂದು ಚಕ್ರ ಮಾತ್ರ ಸಣ್ಣ ಗುಂಡಿಗೆ ಇಳಿದಾಗ ಮುಂಭಾಗದ ಬಲಗಡೆ ‘ಟಕ್ ಟಕ್’ ಎಂಬ ಸದ್ದು ಈಗ ಕೇಳುತ್ತಿದೆ. ದೊಡ್ಡ ಸದ್ದು ಹೋದದ್ದರಿಂದ ಇದು ಕೇಳುತ್ತಿದೆಯೋ, ಹೊಸದಾಗಿ ಹುಟ್ಟಿತೋ ತಿಳಿಯದು.

ಸಾಗರದಿಂದ:

ಅದು ಮೊದಲೂ ಇದ್ದಿರಬೇಕು. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದಾಗ ಸದ್ದಿಲ್ಲದೆ, ಒಂದು ಚಕ್ರ ಇಳಿದಾಗ ಮಾತ್ರ ಬರುತ್ತಿದ್ದರೆ ಆ್ಯಂಟಿ ರೋಲ್ ಬಾರ್‌ನ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಲಿಂಕ್ ರಾಡ್ ನೋಡಿ. ಲಿಂಕ್ ಕಳಚಿ, ಬಾರ್‌ನ ತುದಿಯನ್ನು ಎಲ್ಲಿಯೂ ತಗುಲದಂತೆ ಕಟ್ಟಿ, ಮನೆಯ ಹತ್ತಿರವೇ ನಿಧಾನವಾಗಿ ಒಂದು ಸುತ್ತು ಹೋಗಿ. ಸದ್ದು ನಿಂತರೆ ಅದೇ. ಎರಡೂ ಬದಿಯದ್ದನ್ನು ಜೊತೆಯಾಗಿ ಬದಲಿಸಿ. ಚಕ್ರ ಬಿಚ್ಚಿದರೆ ಕೈಗೆ ಸಿಗುವ ಭಾಗವಾದ್ದರಿಂದ ಅರ್ಧ ದಿನವೂ ಹಿಡಿಯುವುದಿಲ್ಲ, ಅಲೈನ್‌ಮೆಂಟ್ ಮತ್ತೆ ಬೇಕಿಲ್ಲ. ಅಡಿಕೆ ಮೂಟೆಗಳನ್ನು ಹಿಂದಿರುಗಿಸಬಹುದು.