‘ಆತ್ಮೀಯ ಯುದ್ಧ’ವೋ ‘ಆತ್ಮಿಕ ಹೋರಾಟ’ವೋ? ‘ಧೈರ್ಯ’ಕ್ಕೆ ಬೇರೆ ಪದವಿದೆಯೇ? (ತುರ್ತು)

ಪ್ರಶ್ನೆ:

ಮಾನ್ಯರೇ, ನಮ್ಮ ಸಭೆಯಲ್ಲಿ ಬರುವ ಶುಕ್ರವಾರದಿಂದ ಮೂರು ದಿನ ಉಪವಾಸ ಕೂಟ ನಡೆಯಲಿದೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ 10ರಿಂದ 18ನೆಯ ವಚನಗಳನ್ನು ಆಧಾರವಾಕ್ಯವಾಗಿ ತೆಗೆದುಕೊಂಡಿದ್ದೇವೆ. ವೇದಿಕೆಯ ಹಿಂದೆ ಕಟ್ಟುವ ಫ್ಲೆಕ್ಸಿಗೆ ‘ಆತ್ಮೀಯ ಯುದ್ಧದಲ್ಲಿ ಧೈರ್ಯ’ ಎಂದು ಯುವಕರು ಬರೆದುಕೊಟ್ಟಿದ್ದಾರೆ. ಮುದ್ರಿಸುವವರಿಗೆ ನಾಳೆ ಸಂಜೆಯೊಳಗೆ ಕಳುಹಿಸಬೇಕು. ‘ಆತ್ಮೀಯ’ ಸರಿಯೇ? ‘ಧೈರ್ಯ’ವೂ ನನಗೆ ಸಪ್ಪೆಯೆನಿಸುತ್ತಿದೆ, ಏಕೆಂದರೆ ಪರೀಕ್ಷೆ ಬರೆಯುವುದಕ್ಕೂ ನಾವು ಅದೇ ಪದವನ್ನು ಬಳಸುತ್ತೇವೆ. ಹಗಲೆಲ್ಲ ದುಡಿದು, ರಾತ್ರಿ ಮೊಣಕಾಲೂರಿದರೆ ಪ್ರಾರ್ಥನೆಗೆ ಮಾತೇ ಹೊರಡದೆ ಕುಗ್ಗಿಹೋಗುವವರು ನಮ್ಮಲ್ಲಿದ್ದಾರೆ. ಅವರ ಮನಸ್ಸಿಗೆ ತಟ್ಟುವ ಪದ ಬೇಕಾಗಿದೆ.

ಮೊದಲ ಉತ್ತರ:

‘ಧೈರ್ಯ’ ಸಂಸ್ಕೃತ, ‘ಯುದ್ಧ’ ಸಂಸ್ಕೃತ, ‘ಆತ್ಮೀಯ’ ಸಂಸ್ಕೃತವೂ ಹೌದು, ತಪ್ಪೂ ಹೌದು. ‘ಒಳಗಾಳಗಕ್ಕೆ ಕೆಚ್ಚೆದೆ’ ಎಂದು ಬರೆಯಿರಿ. ಕೆಚ್ಚು ಎಂದರೆ ಮರದ ನಡುವಿನ ಗಟ್ಟಿ ತಿರುಳು. ಕಿಟೆಲ್ ನಿಘಂಟನ್ನು ತೆರೆದು ನೋಡಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಎರಡನೆಯ ಉತ್ತರ:

ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ‘ಆತ್ಮೀಯ’ ಬೇಡವೇ ಬೇಡ. ಕನ್ನಡದಲ್ಲಿ ಅದು ಆಪ್ತ, ಹತ್ತಿರದವ ಎಂಬ ಅರ್ಥದಲ್ಲಿ ಮದುವೆಯ ಕರೆಯೋಲೆಯವರೆಗೂ ಬೇರೂರಿದ ಪದ. ‘ಆಧ್ಯಾತ್ಮಿಕ’ ತಪ್ಪಲ್ಲವಾದರೂ ಸಭೆಯ ಬಾಯಲ್ಲಿರುವುದು ‘ಆತ್ಮಿಕ’, ಅದೇ ಇರಲಿ. ‘ಯುದ್ಧ’ವನ್ನೂ ಬಿಡಿ. 12ನೆಯ ವಚನದಲ್ಲಿ ಆ ಪತ್ರಿಕೆ ಬರೆದ ಪೌಲನು ಬಳಸಿದ ಗ್ರೀಕ್ ಪದ ‘ಪಾಲೆ’, ಅಂದರೆ ಕುಸ್ತಿ. ದೂರದಿಂದ ಬಾಣ ಬಿಡುವ ಕಾಳಗವಲ್ಲ, ಎದುರಾಳಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರದ ಸೆಣಸಾಟ. ನಮ್ಮ ಬೈಬಲಿನಲ್ಲಿ ಅಲ್ಲಿ ‘ಹೋರಾಡು’ ಎಂಬ ಅಚ್ಚಗನ್ನಡ ಕ್ರಿಯಾಪದವಿದೆ, ಅದು ಸಾಕು.

ಇನ್ನು ‘ಕೆಚ್ಚೆದೆ’. ನಾನೂ ಮೆಚ್ಚುವ ಪದವೇ, ಆದರೆ ಇಲ್ಲಿ ಸಲ್ಲುವುದಿಲ್ಲ. ಮರದ ಕೆಚ್ಚು ಮರದೊಳಗೇ ಬಲಿಯುವಂಥದ್ದು. ಎಳೆಯ ಮರದಲ್ಲಿ ಅದನ್ನು ಹುಡುಕಿದರೆ ಸಿಗದು. 10ನೆಯ ವಚನದ ಗ್ರೀಕ್ ಕ್ರಿಯಾಪದವಾದರೋ ಕರ್ಮಣಿಯಲ್ಲಿದ್ದು, ‘ಬಲವಾಗಿರಿ’ ಎನ್ನುವುದಕ್ಕಿಂತ ‘ಕರ್ತನಲ್ಲಿ (ಪ್ರಭುವಿನಲ್ಲಿ) ಬಲಪಡಿಸಲ್ಪಡಿರಿ’ ಎಂಬ ಅರ್ಥವನ್ನು ಕೊಡುತ್ತದೆ. ಮುಂದಿನ ವಚನಗಳಲ್ಲಿ ಬರುವ ನಡುಕಟ್ಟು, ವಜ್ರಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಕತ್ತಿ, ಎಲ್ಲವೂ ದೇವರು ಕೊಟ್ಟು ನಾವು ತೊಡುವಂಥವು. ನಮ್ಮೊಳಗಿನಿಂದ ಬೆಳೆದು ಬಂದದ್ದು ಅವುಗಳಲ್ಲಿ ಒಂದೂ ಇಲ್ಲ. ಪ್ರಾರ್ಥನೆಗೆ ಮಾತು ಹೊರಡದವನ ಮುಂದೆ ‘ಕೆಚ್ಚೆದೆ’ ಎಂದು ಬರೆದು ಕಟ್ಟಿದರೆ, ತನ್ನಲ್ಲಿ ಅದು ಇಲ್ಲವಲ್ಲ ಎಂದು ಅವನು ಇನ್ನಷ್ಟು ಕುಗ್ಗುತ್ತಾನೆ.

‘ಧೈರ್ಯ’ ಸಪ್ಪೆಯಲ್ಲ. ಕನ್ನಡದಲ್ಲಿ ನಾವು ಧೈರ್ಯವನ್ನು ಹೇಳುತ್ತೇವೆ, ಕೊಡುತ್ತೇವೆ, ತುಂಬುತ್ತೇವೆ. ಕೆಚ್ಚೆದೆಯನ್ನು ಯಾರೂ ಯಾರಿಗೂ ಹೇಳಿ ಬರುವುದಿಲ್ಲ. ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದ ಕೊನೆಯ ವಚನದಲ್ಲಿ, ತಾನು ಸೆರೆಯಾಗಲಿದ್ದ ಆ ರಾತ್ರಿ, ಯೇಸು ಶಿಷ್ಯರಿಗೆ ಮಾಡುವುದೂ ಇದನ್ನೇ: ಲೋಕದಲ್ಲಿ ಸಂಕಟವುಂಟೆಂದು ಮರೆಮಾಚದೆ ತಿಳಿಸಿ, ಧೈರ್ಯ ಹೇಳುತ್ತಾನೆ. ನನ್ನ ಅಜ್ಜಿ ಕಣ್ಣು ಮಂಜಾದ ಮೇಲೆ ‘ಆ ಧೈರ್ಯದ ವಾಕ್ಯ ಓದೋ ಮಗಾ’ ಎಂದು ಈ ವಚನವನ್ನೇ ಓದಿಸುತ್ತಿದ್ದರು. ಬೆರಳಾಡಿ ಆಡಿ ಆ ಪುಟದ ಮೂಲೆ ಬಟ್ಟೆಯಂತೆ ಮೆತ್ತಗಾಗಿತ್ತು.

ವ್ಯುತ್ಪತ್ತಿಯೂ ಇದಕ್ಕೆ ಒದಗಿಬರುತ್ತದೆ. ಧೀರನ ಗುಣವೇ ಧೈರ್ಯ, ಧೀರನೆಂದರೆ ಅಲುಗದೆ ನಿಂತವನು. ಪೌಲನು 11ರಿಂದ 14ನೆಯ ವಚನದೊಳಗೆ ‘ನಿಲ್ಲು’ ಎಂಬ ಕ್ರಿಯಾಪದವನ್ನು ನಾಲ್ಕು ಬಾರಿ ತರುತ್ತಾನೆ, ಒಮ್ಮೆ ‘ಎದುರಿಸಿ ನಿಲ್ಲು’ ಎಂಬ ರೂಪದಲ್ಲಿ. ಮುನ್ನುಗ್ಗಿರಿ ಎಂದು ಒಮ್ಮೆಯೂ ಹೇಳುವುದಿಲ್ಲ.

ಎರವಲೆಂಬ ಕಾರಣಕ್ಕೆ ಪದವನ್ನು ತಳ್ಳುವುದಾದರೆ ‘ಸಭೆ’, ‘ಕರ್ತ’, ‘ಪ್ರಾರ್ಥನೆ’, ‘ರಕ್ಷಣೆ’ ಎಲ್ಲವೂ ಹೋಗಬೇಕು, ‘ಆಮೆನ್’ ಕೂಡ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ‘ಕೆಚ್ಚು’ ಇರುವಂತೆ ‘ಧೈರ್ಯ’ವೂ ಇದೆ. ಸಂಸ್ಕೃತದ್ದೆಂದು ಅವರು ಅದನ್ನು ಹೊರಗಿಡಲಿಲ್ಲ.

‘ಆತ್ಮಿಕ ಹೋರಾಟದಲ್ಲಿ ಕರ್ತನು ಕೊಡುವ ಧೈರ್ಯ’ ಎಂದು ಬರೆಯಿರಿ.

ಮೊದಲ ಉತ್ತರದವರಿಂದ:

ನಿಘಂಟಿನಲ್ಲಿದ್ದ ಮಾತ್ರಕ್ಕೆ ಕನ್ನಡವಾಗುವುದಿಲ್ಲ. ‘ಹೋರಾಟ’ವನ್ನು ಉಳಿಸಿದ್ದಕ್ಕೆ ನನ್ನ ಒಪ್ಪಿಗೆಯಿದೆ, ಉಳಿದದ್ದಕ್ಕೆ ಇಲ್ಲ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ವಂದನೆಗಳು. ‘ಕರ್ತನು ಕೊಡುವ ಧೈರ್ಯ’ ಎಂಬುದನ್ನು ಸಭಾಪಾಲಕರಿಗೆ ಓದಿ ಹೇಳಿದೆ. ‘ಕೊಡುವ’ ಎಂಬ ಪದವನ್ನು ಉಳಿದವುಗಳಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿರಿ ಎಂದರು. ಹಾಗೆಯೇ ಕಳುಹಿಸುತ್ತಿದ್ದೇನೆ.